ಆಟದ ಊರಿಗೆ ಹೊರಟ ನಮ್ಮ ದಂಡು

ಸಣ್ಣ ಮಕ್ಕಳಿರುವ ಮನೆಯಲ್ಲಿ ಪ್ರವಾಸ ಅನ್ನೋದು ಬಸ್ಸು ಹತ್ತಿದ ದಿನ ಶುರುವಾಗುವುದಿಲ್ಲ. ದೊಡ್ಡವರು ಯಾರಾದರೂ ಬಾಯಿತಪ್ಪಿ "ಹೋಗೂಣು" ಅಂದ ಗಳಿಗೆಗೇ ಶುರುವಾಗಿಬಿಡುತ್ತದೆ. ಅಲ್ಲಿಂದ ಮುಂದೆ ದಿನಕ್ಕೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ, ತಡೆಯೋರಿಲ್ಲ. ನಾನು ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಸಾಲಿಯ ಟೀಚರ್ ಆಗಿದ್ದವಳು. ಊರವರ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರನ್ನು ಮಾತ್ರ ಒಂದು ದಿನವೂ ನಿಲ್ಲಿಸಲಾಗಲಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಇಬ್ಬರನ್ನೂ, ಅವರ ಅಪ್ಪನನ್ನೂ, ನಮ್ಮ ಅತ್ತೆಯವರನ್ನೂ ಕಟ್ಟಿಕೊಂಡು ಮುಂಬೈಗೆ ಹೋಗಿಬಂದೆ. ಮಗಳಿಗೆ ಆಗ ಏಳು ವರ್ಷ, ಮಗನಿಗೆ ನಾಲ್ಕು.

ಸಾಕ್ಷಿ ಸಹಿತ

ಆ ವರ್ಷ ಸಂಕ್ರಾಂತಿ ಮುಗಿದದ್ದೇ ತಡ, ಮಗಳಿಗೆ ಟೈಫಾಯ್ಡ್ ಬಂತು. ಮೂರು ವಾರ ಹಾಸಿಗೆ ಬಿಡಲಿಲ್ಲ. ಕೈಕಾಲು ಕಡ್ಡಿಯಾದವು. ಗುಳಗಿ ಅಂದರೆ ಸಾಕು, ಬಾಯಿ ಬಿಗಿಹಿಡಿದುಬಿಡುವಳು. ನಾನು ಬೆಲ್ಲದಲ್ಲಿ ಮುಚ್ಚಿ ಕೊಟ್ಟೆ. ಬೆಲ್ಲ ಚೀಪಿ ಗುಳಗಿ ಉಗುಳಿದಳು. ಅತ್ತೆಯವರು ಬಾಳೆಹಣ್ಣಿನಲ್ಲಿಟ್ಟು ಕೊಟ್ಟರು. ಅಂದಿನಿಂದ ಬಾಳೆಹಣ್ಣನ್ನೂ ಬಿಟ್ಟಳು. ಮೂರು ದಿನ ಹೀಗೇ ಆಯಿತು. ಡಾಕ್ಟರು ದಿನಾ ಮನೆಗೆ ಬರುವರು, ನಾಡಿ ನೋಡಿ ಸುಮ್ಮನೆ ಕೂಡುವರು. ಅವರು ಸುಮ್ಮನಾದಷ್ಟೂ ನನಗೆ ಹೆದರಿಕೆ.

ನನ್ನ ಯಜಮಾನರು ಕೋರ್ಟಿನಲ್ಲಿ ಗುಮಾಸ್ತರು. ಮಾತು ಕಡಿಮೆ. ಒಂದು ಸಂಜೆ ಪೇಪರಿನಲ್ಲಿ ಬಂದಿದ್ದ ಫೋಟೋ ಒಂದನ್ನು ಕತ್ತರಿಸಿ ತಂದು ಅವಳ ದಿಂಬಿನ ಹತ್ತಿರ ಇಟ್ಟರು. ಮುಂಬೈ ಹೊರಗೆ ಮಕ್ಕಳಿಗಂತಲೇ ಮಾಡಿದ ಆಟದ ಊರು. ತಾಳೆಮರದಷ್ಟು ಎತ್ತರದ ತಿರುಗುವ ಗಾಲಿ, ನೀರಿನ ಜಾರಬಂಡಿ, ಬಣ್ಣಬಣ್ಣದ ರೈಲು.

"ಈ ಗುಳಗಿ ನುಂಗಿದಿ ಅಂದ್ರ ಮೇ ತಿಂಗಳದಾಗ ಇಲ್ಲಿಗೆ ಕರಕೊಂಡು ಹೋಗ್ತೇನಿ" ಅಂದರು.

ಮಗಳು ಎರಡು ದಿನದ ಮೇಲೆ ಮೊದಲ ಸಲ ಕಣ್ಣು ಪೂರ್ತಿ ತೆರೆದಳು. "ಖರೇನ?"

"ಖರೆ."

"ಹಂಗಾರ ಬರದು ಕೊಡು."

ಯಜಮಾನರು ಡಾಕ್ಟರ ಚೀಟಿಯ ಹಿಂದೆ ದುಂಡಗೆ ಬರೆದರು. ಸಹಿ ಮಾಡಿದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಸಾಕ್ಷಿ ಎಲ್ಲೈತಿ?" ಅಂದಳು. ಕೋರ್ಟಿನ ಗುಮಾಸ್ತರ ಮಗಳು. ಮನೆಯಲ್ಲಿ ದಿನಾ ಕೇಳುವ ಮಾತು ಅದು. ಅಷ್ಟರಲ್ಲಿ ಡಾಕ್ಟರು ಬಂದರು. ಚೀಟಿ ಅವರ ಕೈಗೆ ಹೋಯಿತು. ಚಷ್ಮಾ ಹಾಕಿಕೊಂಡು ಓದಿದರು, ನಗಲಿಲ್ಲ, ಕೆಳಗೆ ಸಹಿ ಹಾಕಿದರು. ಮಗಳು ಬಾಯಿ ತೆರೆದಳು. ಗುಳಗಿ ಒಳಗೆ ಹೋಯಿತು.

ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲವರೆಗೆ ಹೋದೆ. ಡಾಕ್ಟರು ಚಪ್ಪಲಿ ಮೆಟ್ಟುತ್ತ ಅಂದರು: "ಟೀಚರ, ಆ ಚೀಟೀನ ದಿನಕ್ಕ ಮೂರು ಸರತೆ, ಊಟ ಆದ ಮ್ಯಾಲ ಓದಸ್ರಿ. ನನ್ನ ಗುಳಗಿಕಿಂತ ಅದು ಲಗೂ ನಾಟತೈತಿ."

ಬಾಗಿಲ ಮೇಲಿನ ಗೆರೆ

ಜ್ವರ ಇಳಿಯಿತು, ಚೀಟಿ ಉಳಿಯಿತು. ಮುಂಬೈಯಲ್ಲಿದ್ದ ನನ್ನ ತಮ್ಮನಿಗೆ ಪತ್ರ ಬರೆದು ವಿಚಾರಿಸಿದೆ. ಅವನ ಉತ್ತರದಲ್ಲಿ ಒಂದು ತೊಡಕು ಬಂತು. ಅಲ್ಲಿ ದೊಡ್ಡ ಗಾಲಿಯ ಹತ್ತಿರ ಒಂದು ಕೋಲು ನೆಟ್ಟಿದ್ದಾರಂತೆ. ಕೋಲಿನ ಮೇಲೊಂದು ಗೆರೆ. ನೆತ್ತಿ ಆ ಗೆರೆ ಮುಟ್ಟದ ಮಕ್ಕಳನ್ನು ಗಾಲಿ ಹತ್ತಿಸುವುದಿಲ್ಲವಂತೆ. ಎತ್ತರ ಎಷ್ಟು ಅಂತಲೂ ಬರೆದಿದ್ದ.

ನಾನು ಟೇಪು ಹಿಡಿದು ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಅಷ್ಟಕ್ಕೆ ಗೆರೆ ಎಳೆದೆ. ಮಗಳನ್ನು ನಿಲ್ಲಿಸಿದೆ. ನಾಲ್ಕು ಬೆರಳು ಕಡಿಮೆ.

ಅಂದಿನಿಂದ ಮನೆಯಲ್ಲಿ ಎತ್ತರದ ಅಭ್ಯಾಸ ನಡೆಯಿತು. ಬೆಳಿಗ್ಗೆ ಹಿತ್ತಲಿನ ಪೇರಲ ಗಿಡದ ಟೊಂಗೆಗೆ ಜೋತುಬೀಳುವಳು. ಅತ್ತೆಯವರು ಕೆಳಗೆ ಕೂತು "ಇನ್ನ ಸ್ವಲ್ಪ ಜೋತಾಡವಾ, ಕಾಲು ಉದ್ದ ಬಿಡು" ಅಂತ ಹುರಿದುಂಬಿಸುವರು. ಜ್ವರದಿಂದೆದ್ದ ಹುಡುಗಿ, ಹಾಲು ಅಂದರೆ ಮುಖ ತಿರುವುತ್ತಿದ್ದವಳು, ಈಗ ಮೂಗು ಹಿಡಿದುಕೊಂಡು ಎರಡು ಲೋಟ ಕುಡಿಯುವಳು. ಕುಡಿದ ಕೂಡಲೇ ಓಡಿಹೋಗಿ ಬಾಗಿಲಿಗೆ ಬೆನ್ನು ಹಚ್ಚುವಳು. ಗೆರೆ ಮಾತ್ರ ಅಲ್ಲೇ ಮೇಲೆ. ಸಂಜೆಯಾದರೆ ಬಾಗಿಲ ಹಿಂದೆ ನಿಂತು ಸದ್ದಿಲ್ಲದೆ ಅಳುವಳು.

ಒಂದು ಬೆಳಿಗ್ಗೆ ಮನೆ ಹಾರಿಹೋಗುವಂಥ ಕೂಗು. "ಅವ್ವಾ! ಮುಟ್ಟಿತು! ಗೆರಿ ಮುಟ್ಟಿತು!"

ಹೋಗಿ ನೋಡಿದರೆ ಖರೆ. ನೆತ್ತಿ ಗೆರೆಗೆ ಸರಿಯಾಗಿತ್ತು. ಅತ್ತೆಯವರು ಒಲೆಯ ಮುಂದಿನ ಉಪ್ಪು ತಂದು ದೃಷ್ಟಿ ತೆಗೆದರು. ನನಗೆ ಅನುಮಾನ. ಎಷ್ಟು ಹಾಲು ಕುಡಿದರೇನು, ಒಂದೇ ದಿನಕ್ಕೆ ನಾಲ್ಕು ಬೆರಳು ಬೆಳೆಯುವ ಮಕ್ಕಳನ್ನು ನಾನು ಸಾಲಿಯಲ್ಲಿ ಕಂಡಿಲ್ಲ. ತಿರುಗಿ ನೋಡಿದೆ. ಮಗ ಸ್ಟೂಲಿನ ಹಿಂದೆ ನಿಂತಿದ್ದ. ಕೈಗೂ ಮೂಗಿಗೂ ಸೀಮೆಸುಣ್ಣ.

ಅವನನ್ನು ಹಿತ್ತಲಿಗೆ ಕರೆದೊಯ್ದು, "ಯಾಕೋ ಹಿಂಗ ಮಾಡಿದಿ?" ಅಂತ ಮೆಲ್ಲಗೆ ಕೇಳಿದೆ.

ನಾಲ್ಕು ವರ್ಷದ ನ್ಯಾಯ ಹೇಳಿದ: "ಅಕ್ಕ ದಿನಾ ಅಳ್ತಾಳ. ಆಕಿಗೆ ಮ್ಯಾಲ ಹೋಗಾಕ ಬರವಲ್ದು. ಅದಕ್ಕ ಗೆರೀನ ಕೆಳಗ ಕರದೆ."

ಗಾಲಿ ಖಾಲಿ ಉಳಿಯಬಾರದು

ಈ ನ್ಯಾಯಾಧೀಶರ ಇನ್ನೊಂದು ಉಪಕಾರ ನನಗೆ ಹೊರಡುವ ವಾರ ಗೊತ್ತಾಯಿತು.

ಮೊದಲು ಪೋಸ್ಟಮನ್ ಕೇಳಿದ: "ಅಕ್ಕಾರ, ಮುಂಬೈಗೆ ಯಾವಾಗ ಹೊಂಡೂದ್ರಿ?" ವಿಚಾರಿಸುತ್ತಾನೆ ಪಾಪ ಅಂದುಕೊಂಡೆ. ಆಮೇಲೆ ಹಾಲಿನವನು, "ನನಗ ಎಮ್ಮಿ ಬಿಟ್ಟು ಬರಾಕ ಆಗಾಂಗಿಲ್ರಿ, ತಪ್ಪ ತಿಳಕೋಬ್ಯಾಡ್ರಿ" ಅಂದ. ಬಾಲವಾಡಿಯ ಟೀಚರು ದಾರಿಯಲ್ಲಿ ಸಿಕ್ಕು, "ನನ್ನ ಮನ್ಯಾಗ ಕೇಳಿ ಹೇಳ್ತೇನ್ರಿ" ಅಂದರು. ಆಗ ನನಗೆ ಹೊಳೆಯಿತು. ಮಗ ಓಣಿಯಲ್ಲಿ ಕಂಡಕಂಡವರನ್ನೆಲ್ಲ ಆಮಂತ್ರಿಸಿಬಿಟ್ಟಿದ್ದ.

ಕಾಯಿಪಲ್ಯ ಮಾರುವ ಮುದುಕಿಯಂತೂ ಬುಟ್ಟಿ ಇಳಿಸಿ ಕೂತು, "ಗಾಡಿ ಎಷ್ಟಕ್ಕ ಐತಿ ಯವ್ವಾ?" ಅಂತಲೇ ಕೇಳಿದಳು. ನಾನು "ಏಳಕ್ಕ" ಅಂದು ಒಳಗೆ ಬಂದೆ.

ಮಗನನ್ನು ಹಿಡಿದು ಕೂರಿಸಿದೆ. "ಎಲ್ಲಾರನ್ನೂ ಯಾಕ ಕರದಿ ಲೇ?"

"ಗಾಲಿ ಅಷ್ಟ ದೊಡ್ಡದೈತಿ ಅಂತ ಅಪ್ಪ ಹೇಳ್ಯಾನಲ್ಲ? ನಾವ ಐದು ಮಂದಿ ಕುಂತ್ರ ಖಾಲಿ ಉಳೀತೈತಿ" ಅಂದ. ಕಣ್ಣಲ್ಲಿ ಗಾಲಿಯ ಮೇಲಿನ ಮರುಕ ಕಾಣುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಆಟೋ ಬಂದು ನಿಂತಿದೆ. ಓಣಿಯ ತುದಿಯಲ್ಲಿ ಆ ಮುದುಕಿ ತೊಳೆದ ಸೀರೆ ಉಟ್ಟು, ಕೈಯಲ್ಲೊಂದು ದೊಡ್ಡ ಕೈಚೀಲ ಹಿಡಿದು ಬರುತ್ತಿದ್ದಾಳೆ. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮುದುಕಿ ಆಟೋದ ಹತ್ತಿರ ಬಂದು, ಮಗನ ಗಲ್ಲ ಸವರಿ, ಕೈಚೀಲವನ್ನು ಅವನ ಪಕ್ಕಕ್ಕೆ ಇಟ್ಟಳು.

"ನನಗ ಇವತ್ತ ಸಂತಿ ಐತಿ ನನ್ನಪ್ಪಾ, ಬರಾಕ ಆಗಾಂಗಿಲ್ಲ. ನನ್ನ ಜಾಗಾದಾಗ ಈ ಸೌತಿಕಾಯಿ ಕುಂಡರಸು."

ಅರವತ್ತು ರೊಟ್ಟಿ

ಅತ್ತೆಯವರು ಬೀಳಗಿ ಕಡೆಯವರು. ಬಸ್ಸಿನಲ್ಲಿ ಮಹಾಲಿಂಗಪುರ ನೋಡಿದ್ದರು, ಬಾಗಲಕೋಟೆ ನೋಡಿದ್ದರು, ಅದರಾಚೆ ದಾಟಿರಲಿಲ್ಲ. "ಹುಡುಗೂರು ಆಟಕ್ಕ ಹ್ವಾದ್ರ ಗಂಟು ಕಾಯಾಕ ಒಬ್ರು ಬ್ಯಾಡೇನು?" ಅಂತ ತಾವೇ ಹೊರಟಿದ್ದರು. ಮುಂಬೈಯಲ್ಲಿ ಜೋಳ ಸಿಗುವುದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ಎರಡು ದಿನ ಒಲೆ ಆರಲಿಲ್ಲ. ಅರವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅನ್ನೋ ಚಟ್ನಿಪುಡಿ, ಒಂದು ಡಬ್ಬಿ ಕೆಂಪು ಖಾರ, ಒಂದು ಡಬ್ಬಿ ಮೊಸರು. ರೊಟ್ಟಿಯನ್ನು ಹಳೆಯ ಧೋತರದಲ್ಲಿ ಕಟ್ಟಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು.

ಮಿರಜಿನವರೆಗೆ ಬಸ್ಸು, ಅಲ್ಲಿಂದ ರೈಲು. ಮಗನಿಗೆ ಬಸ್ಸಿನ ಕಿಟಕಿ ಎತ್ತರ. ಹೊರಗೆ ಏನೂ ಕಾಣದು. ಹತ್ತು ನಿಮಿಷ ಕಿರಿಕಿರಿ ಮಾಡಿದ. ಆಮೇಲೆ ಸುಮ್ಮನಾದ. ಜಾಣ ಆದ ಅಂತ ನನಗೂ ಸಂತೋಷ, ಒಂದು ಜೊಂಪು ಹತ್ತಿತು. ಅತ್ತೆಯವರಿಗೂ ಹತ್ತಿತ್ತು.

ಮಿರಜಿನಲ್ಲಿ ಎಚ್ಚರಾಗಿ ನೋಡಿದರೆ ಮಗ ಅಜ್ಜಿಯ ತೊಡೆಯ ಮೇಲಿನ ಗಂಟಿನ ಮೇಲೆ ಸಿಂಹಾಸನ ಹಾಕಿ ಕೂತು ಹೊರಗೆ ನೋಡುತ್ತಿದ್ದಾನೆ. ರಸ್ತೆಯ ಪ್ರತಿ ತಗ್ಗುಕುಣಿಗೂ ಕುಪ್ಪಳಿಸಿದ್ದಾನೆ. ನಮ್ಮ ಕಡೆಯ ರಸ್ತೆಗೆ ಕುಣಿ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ರೈಲಿನಲ್ಲಿ ಊಟಕ್ಕೆ ಗಂಟು ಬಿಚ್ಚಿದೆವು. ಅರವತ್ತರಲ್ಲಿ ಒಂದೂ ದುಂಡಗೆ ಉಳಿದಿರಲಿಲ್ಲ. ಎಲ್ಲಾ ಪುಡಿ, ಉಪ್ಪಿಟ್ಟಿನ ರವೆಯ ಹಾಗೆ. ಮಗ ತುಟಿ ಅಗಲಿಸಿದ, ಇನ್ನೇನು ಅಳಬೇಕು. ಎರಡು ದಿನ ಒಲೆಯ ಮುಂದೆ ಬೆಂದವರು ಅತ್ತೆಯವರು; ಅವರು ಏನಂತಾರೋ ಅಂತ ನಾನೂ ಅವರ ಮುಖ ನೋಡಿದೆ.

ಅವರು ಒಂದು ಮುಷ್ಟಿ ಪುಡಿ ತೆಗೆದು, ಮೊಸರು, ಶೇಂಗಾ ಹಿಂಡಿ ಹಾಕಿ ಕಲಸಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನುಂಗಿದರು. "ನನ್ನ ಹಲ್ಲು ಹ್ವಾದ ಮ್ಯಾಲ ರೊಟ್ಟಿ ಮಾಡಿ ಕೊಟ್ಟವರು ಭಾಳ ಮಂದಿ ಅದಾರ" ಅಂದರು. "ನನ್ನ ಸಲುವಾಗಿ ಅಗದು ಕೊಟ್ಟಾಂವ ಇಂವ ಒಬ್ಬನ."

ಸಣ್ಣ ರೈಲು

ಕಡೆಗೂ ಆಟದ ಊರು ಬಂತು. ಮಗಳು ಗೇಟಿನಿಂದ ಸೀದಾ ದೊಡ್ಡ ಗಾಲಿಯ ಹತ್ತಿರ ಓಡಿ ಕೋಲಿಗೆ ಬೆನ್ನು ಹಚ್ಚಿ ನಿಂತಳು. ತಮ್ಮ ಗೆರೆ ಇಳಿಸಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಜಡೆ ಎತ್ತಿ ಕಟ್ಟಿಸಿಕೊಂಡಿದ್ದಳು, ಉಸಿರು ಎಳೆದುಕೊಂಡಿದ್ದಳು. ಆದರೂ ಎರಡು ಬೆರಳು ಕಡಿಮೆ. ಅಲ್ಲಿ ನಿಂತವನು ಒಳ್ಳೆಯ ಮನುಷ್ಯ. ಮೂರು ಸಲ ನಿಲ್ಲಿಸಿ ನೋಡಿ, "ಮುಂದಿನ ವರ್ಷ ಬಾ ಮಗಳೇ" ಅಂತ ಮರಾಠಿಯಲ್ಲಿ ಹೇಳಿದ.

ಅವಳು ಅಳಲಿಲ್ಲ. ಅತ್ತಿದ್ದರೆ ಚಲೋ ಇತ್ತು. ಸುಮ್ಮನೆ ಬಂದು ನನ್ನ ಸೆರಗು ಹಿಡಿದು ನಡೆದಳು. ಯಜಮಾನರು ಐಸ್‌ಕ್ರೀಮು ಬೇಕೇನು ಅಂದರು, ಗಾಳಿ ತುಂಬಿದ ಪುಗ್ಗಾ ಬೇಕೇನು ಅಂದರು. ತಲೆ ಅಲ್ಲಾಡಿಸಿದಳು, ಅಷ್ಟೇ.

ನೀರಿನ ಜಾರಬಂಡಿಯ ಹೊಂಡದ ಕಡೆ ಹೊರಟೆವು. ದಾರಿಯಲ್ಲಿ ಐದಾರು ಡಬ್ಬಿಯ ಬಣ್ಣದ ರೈಲು. ಕಂಬಿ ಗುಡ್ಡದ ಹಾಗೆ ಮೇಲೇರಿ, ಅಲ್ಲಿಂದ ಜರ್ರನೆ ಇಳಿದು, ಒಂದು ಸುತ್ತು ಹಾಕಿ ಬರುತ್ತದೆ. ದೊಡ್ಡವರೊಬ್ಬರು ಜೊತೆಗಿದ್ದರೆ ಸಣ್ಣವರನ್ನೂ ಬಿಡುತ್ತಿದ್ದರು. ಮಗಳ ಕಾಲು ಅಲ್ಲಿ ನಿಂತುಬಿಟ್ಟಿತು.

"ನೀವು ಹೋಗ್ರಿ" ಅಂತ ನಾನು ಯಜಮಾನರಿಗೆ ಅಂದೆ. ಅವರು ಮೇಲೆ ನೋಡಿದರು. ಮಾಳಿಗೆ ಹತ್ತಿದರೂ ಗೋಡೆ ಹಿಡಿಯುವ ಮನುಷ್ಯ. ನಾನು ಹೋಗೋಣವೆಂದರೆ ನನ್ನ ಹೆಗಲ ಮೇಲೆ ಮಗ ನಿದ್ದೆ ಹೋಗಿದ್ದ.

ಅಷ್ಟರಲ್ಲಿ ಅತ್ತೆಯವರು ಕಾಲು ಒತ್ತಿಕೊಳ್ಳುತ್ತ, "ಆ ನೀರಿನ ಹೊಂಡ ಇನ್ನೂ ಎಷ್ಟ ದೂರ ಐತಿ? ನನಗ ನಡ್ಯಾಕ ಆಗವಲ್ದು" ಅಂದರು. ರೈಲು ಕಂಡಿತು. "ಇದು ಹೊಂಡದ ಕಡೆ ಹೋಗತೈತೇನ?"

ಮಗಳು ಒಮ್ಮೆ ರೈಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಹೋಗತೈತಿ ಆಯಿ."

ಸುಳ್ಳು ಹೇಳಬಾರದು ಅಂತ ಸಾಲಿಯಲ್ಲಿ ದಿನಾ ಕಲಿಸುವ ನಾನು, ಆ ಹೊತ್ತು ಬಾಯಿ ಬಿಡಲಿಲ್ಲ.

ಅತ್ತೆಯವರು ಗಂಟು ಸಮೇತ ಹತ್ತಿ ಮೊದಲ ಡಬ್ಬಿಯಲ್ಲೇ ಕೂತರು. ರೈಲು ಬಿಡುವವನಿಗೆ, "ತಮ್ಮಾ, ಹೊಂಡ ಬಂದಕೂಡ್ಲೆ ಹೇಳಪಾ" ಅಂದರು. ಅವನಿಗೆ ಕನ್ನಡ ತಿಳಿಯದು. ಗೌರವದಿಂದ ತಲೆಯಾಡಿಸಿ, ಅವರ ಮುಂದೆ ಕಬ್ಬಿಣದ ಅಡ್ಡಪಟ್ಟಿ ಹಾಕಿದ. "ನೋಡು, ನಮ್ಮ ಬಸ್ಸಿನ್ಯಾಗ ಹಿಂಗ ಕಾಳಜಿ ಮಾಡ್ತಾರೇನು?" ಅಂತ ನಮ್ಮ ಕಡೆ ತಿರುಗಿ ಹೇಳಿದರು.

ರೈಲು ಏರತೊಡಗಿತು. "ಘಾಟ ಬಂತು ನೋಡವಾ" ಅನ್ನೋದು ಕೇಳಿತು. ತುದಿ ಮುಟ್ಟಿತು. ಆಮೇಲೆ ಜರ್ರ್ ಅಂತ ಇಳಿಯಿತು. "ಸಾವಕಾಶೋ ತಮ್ಮಾ! ಬ್ರೇಕ್ ಹಾಕೋ!" ಆ ಮೇಲೆ ಕೇಳಿದ್ದೆಲ್ಲ ನಮ್ಮ ಕಡೆಯ ದೇವರುಗಳ ಹೆಸರು, ಒಂದನ್ನೂ ಬಿಡದೆ. ಅವರ ಒಂದು ಕೈ ಗಂಟಿನ ಮೇಲಿತ್ತು, ಇನ್ನೊಂದು ಮೊಮ್ಮಗಳನ್ನು ಎದೆಗೆ ಅವಚಿ ಹಿಡಿದಿತ್ತು. ಆ ಕೂಗಿನ ನಡುವೆ ಇನ್ನೊಂದು ಸದ್ದು. ಮಗಳು ನಗುತ್ತಿದ್ದಳು, ಹೊಟ್ಟೆಯ ಒಳಗಿಂದ, ಬಿದ್ದು ಬಿದ್ದು. ಜ್ವರ ಬಂದಾಗಿನಿಂದ ಆ ನಗು ನಾವು ಕೇಳಿರಲಿಲ್ಲ. ಯಜಮಾನರು ಮುಖ ಆ ಕಡೆ ತಿರುಗಿಸಿ ಚಷ್ಮಾ ಒರೆಸಿಕೊಂಡರು.

ರೈಲು ಬಂದು ನಿಂತಿತು. ನಾವು ಓಡಿದೆವು. ಅತ್ತೆಯವರು ಕೆದರಿದ ಕೂದಲು ಸರಿಮಾಡಿಕೊಂಡು, ಸೆರಗು ಹೊದ್ದು, ಸುತ್ತ ನೋಡಿದರು. ಅದೇ ಕಬ್ಬಿಣದ ಕಟಾಂಜನ, ಅದೇ ಮಂದಿಯ ಪಾಳಿ, ಎದುರಿಗೆ ಅದೇ ಮಗ, ಅದೇ ಸೊಸೆ.

"ಏ ತಮ್ಮಾ!" ಅಂತ ರೈಲು ಬಿಡುವವನನ್ನು ಕರೆದರು. "ಅಷ್ಟ ಘಾಟ ಹತ್ತಿಸಿ, ಅಷ್ಟ ಘಾಟ ಇಳಿಸಿ, ಹತ್ತಿದಲ್ಲೇ ತಂದು ನಿಲ್ಲಿಸಿದ್ಯಲ್ಲೋ!"

ಅವನು ನಗುತ್ತ ಒಂದು ಬೆರಳು ತೋರಿಸಿ ಮರಾಠಿಯಲ್ಲಿ ಏನೋ ಕೇಳಿದ.

"ಇನ್ನೊಮ್ಮೆ ಹೋಗ್ತೀರೇನ ಅಂತ ಕೇಳಾಕತ್ತಾನ. ಸಾಕವ್ವ, ಇಳಿ" ಅಂತ ಯಜಮಾನರು ಕೈ ಚಾಚಿದರು.

ಅತ್ತೆಯವರು ಮೊಮ್ಮಗಳ ಮುಖ ನೋಡಿದರು. ಕೆಂಪಗಾಗಿ, ಬೆವತು, ಇನ್ನೂ ನಗುತ್ತಿದ್ದ ಮುಖ. ಯಜಮಾನರ ಕೈಯನ್ನು ಆಚೆ ಸರಿಸಿ, ಗಂಟನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, ನೆಟ್ಟಗೆ ಕೂತು ಅವಳಿಗೆ ಅಂದರು:

"ನೀ ಕುಂಡ್ರು ಯವ್ವಾ. ಈ ರೈಲು ಬಿಡಾಂವ ಹೊಸಬ ಕಾಣ್ತಾನ, ದಾರಿ ಗೊತ್ತಿಲ್ಲ. ಈ ಸರತೆ ನಾ ತೋರಸ್ತೇನಿ."