ಬೆಲ್ಲದ ಗೋಡೆಯ ಅತಿಥಿಗೃಹ

ಅರಕೆರೆ ಪಕ್ಕದ ನಮ್ಮ ಹಳೆಯ ತೊಟ್ಟಿಮನೆಯ ಮುಂದೆ ಅಂದು ನಾಲ್ವರು ಸೇರಿದ್ದೆವು: ಅಪ್ಪ, ನನ್ನ ಹೆಂಡತಿ ಸಾವಿತ್ರಿ, ನಾನು ಮತ್ತು ಗೌರಿ. ಗೌರಿ ಹಸು. ಆದರೂ ಅವಳನ್ನು ಸಭೆಗೆ ಸೇರಿಸಲೇಬೇಕು, ಏಕೆಂದರೆ ಚರ್ಚೆ ನಡೆದದ್ದೇ ಅವಳ ಮನೆಯ ಬಗ್ಗೆ.

ತೊಂಬತ್ತರ ದಶಕ. ಶ್ರೀರಂಗಪಟ್ಟಣ ನೋಡಲು ಬರುವ ಪೇಟೆಯವರು ಹಳ್ಳಿಯ ಹಳೇ ಮನೆಯಲ್ಲಿ ತಂಗಲು ಆಸೆಪಡುತ್ತಾರೆಂದು ನನಗೆ ಹೊಳೆದಿತ್ತು. ಮುತ್ತಾತ ಕಟ್ಟಿಸಿದ ಮಣ್ಣುಗೋಡೆಯ ಕೊಟ್ಟಿಗೆಯನ್ನು ರಿಪೇರಿ ಮಾಡಿ ಅತಿಥಿಗಳ ಕೋಣೆ ಮಾಡುವುದು ನನ್ನ ಯೋಜನೆ. ಗೌರಿಗೆ ಅದೇ ಗೋಡೆಯ ಆಚೆ ತೆಂಗಿನ ಗರಿಯ ಚಪ್ಪರ.

ಅಪ್ಪ ಬಹಳ ಹೊತ್ತು ಹಸುವಿನ ಮುಖ ನೋಡಿ ತೀರ್ಪು ಕೊಟ್ಟರು. “ಮೊದ್ಲು ಬರೋರು ಎರಡು ದಿನ ನಿಂತ್ರೆ ಕೋಣೆ ನಿಂದು ಕಣ್ಲಾ. ನಡುವ್ಲೇ ಎದ್ದೋದ್ರೆ ಗೌರಿ ವಾಪಸ್ಸು ಒಳಕ್ಕೆ. ಆಮೇಲೆ ಈ ಮಾತು ಎತ್ಕೂಡ್ದು.”

“ಆಯ್ತು ಮಾವ,” ಎಂದಳು ಸಾವಿತ್ರಿ, ನನಗಿಂತ ಮೊದಲೇ. ಕೆ.ಆರ್. ಪೇಟೆ ಕಡೆಯ ಹೆಣ್ಣು, ಹಿಡಿದದ್ದನ್ನು ಬಿಡುವವಳಲ್ಲ.

ಹಳೇ ಗೋಡೆಗೆ ಸಿಮೆಂಟು ಸೋಕಿಸುವುದಿಲ್ಲವೆಂದು ನಾನು ಶಪಥ ಮಾಡಿದ್ದೆ. ಹಿಂದೆ ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಎಷ್ಟು ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಮ್ಮದು ಕಬ್ಬು ಬೆಳೆಯುವ ಮನೆ. ಬೆಲ್ಲದಲ್ಲಿ ಜಿಪುಣತನ ತೋರಿಸಿದರೆ ಊರಿನ ಮರ್ಯಾದೆ ಏನಾಗಬೇಕು? ಆಲೆಮನೆಯಿಂದ ಮಂಕರಿ ತುಂಬ ಬೆಲ್ಲ ತಂದು ಕರಗಿಸಿದೆ.

ಸಾವಿತ್ರಿ ಗಾರೆಯನ್ನು ಮೂಸಿ ನೋಡಿದಳು. “ಇದು ಗೋಡೆಗೆ ಮೆತ್ತೋದೋ, ಒಬ್ಬಟ್ಟಿಗೆ ತುಂಬೋದೋ?”

“ಇದು ಪಾರಂಪರಿಕ ವಿಧಾನ,” ಎಂದೆ.

ಗೋಡೆಯಲ್ಲಿ ಗಾಳಿಗೆಂದು ಬಿಟ್ಟಿದ್ದ ಕಿಂಡಿಯನ್ನೂ ಬಿದಿರ ದಬ್ಬೆ ಅಡ್ಡವಿಟ್ಟು ಅದೇ ಗಾರೆಯಿಂದ ಮುಚ್ಚಿದೆ. ಒಳಗೂ ಹೊರಗೂ ನುಣ್ಣಗೆ ಬಳಿದೆ. ಗೋಡೆ ಹೊಳೆಯಿತು. ನಾನೂ ಹೊಳೆದೆ.

ಮೈಸೂರಿನಿಂದ ನಿವೃತ್ತ ಮೇಷ್ಟ್ರು ದಂಪತಿ ಬರುವ ದಿನ ಬೆಳಿಗ್ಗೆ ನೋಡಿದರೆ, ಬಿಳಿ ಗೋಡೆ ಕಪ್ಪಾಗಿ ಹರಿದಾಡುತ್ತಿತ್ತು. ಇರುವೆ! ಹೋಬಳಿಯ ಸಮಸ್ತ ಇರುವೆಗಳೂ ನಮ್ಮ ಉದ್ಘಾಟನೆಗೆ ಆಗಮಿಸಿದ್ದವು.

“ಬರಬೇಡಿ ಅಂತ ಹೇಳ್ಬುಡೋದಾ?” ಎಂದೆ.

“ಅವ್ರು ಬಸ್ಸು ಹತ್ತಿಬುಟ್ಟಿರ್ತಾರೆ. ಅರಿಶಿನದ ನೀರು ಕಲಸಿ ಬಳೀರಿ,” ಎಂದು ಸಾವಿತ್ರಿ ಸೆರಗು ಸಿಕ್ಕಿಸಿದಳು.

ಅರಿಶಿನದ ಜೊತೆ ಉಪ್ಪೂ ಇದ್ದರೆ ಇನ್ನೂ ಪರಿಣಾಮಕಾರಿ ಎಂದು ನಾನು ಸ್ವಂತ ಬುದ್ಧಿ ಓಡಿಸಿ ಬಕೆಟ್ಟಿಗೆ ಕಲ್ಲುಪ್ಪು ಸುರಿದೆ. ಎರಡೂ ಬದಿ ಬಳಿದೆವು. ಇರುವೆಗಳು ಸಭಾತ್ಯಾಗ ಮಾಡಿದವು. ಬಂದ ಅತಿಥಿಗಳು ಹಳದಿ ಗೋಡೆ ನೋಡಿ ಮೆಚ್ಚಿದರು, ಮುದ್ದೆ ಉಂಡರು, ಮಲಗಲು ಹೋದರು.

ಈಗ ಗೋಡೆಯ ಆಚೆ ಬದಿ ಸಿಹಿಯೂ ಹೌದು, ಉಪ್ಪೂ ಹೌದು. ಇದರ ಅರ್ಥವೇನೆಂದು ಮನುಷ್ಯರಲ್ಲಿ ಯಾರಿಗೂ ಹೊಳೆಯಲಿಲ್ಲ. ಗೌರಿಗೆ ಹೊಳೆಯಿತು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಹೊರಗೆ ಬಂದರು. “ಗೋಡೆಯೊಳಗೆ ಏನೋ ಉಜ್ಜಿದ ಹಾಗೆ ಸದ್ದು ಬರ್ತಿದೆಯಲ್ಲ?”

“ಹಳೇ ಮಣ್ಣುಗೋಡೆ ಸಾರ್. ಉಸಿರಾಡ್ತದೆ,” ಎಂದೆ ಗಂಭೀರವಾಗಿ. ಅವರು ಸಂತೋಷಪಟ್ಟು ಒಳಗೆ ಹೋಗಿ ಮಲಗಿದರು.

ಮರುಕ್ಷಣವೆಂಬಂತೆ ಅವರ ಪತ್ನಿಯ ಕೂಗು ಕೇಳಿತು. ಓಡಿದೆವು. ಹಾಸಿಗೆಯ ತಲೆದೆಸೆಯಲ್ಲಿ ನಾನು ಮುಚ್ಚಿದ್ದ ಕಿಂಡಿ, ಗಾರೆ ಕರಗಿ ದಬ್ಬೆ ಬಿದ್ದು ತೆರೆದಿತ್ತು. ಅದರೊಳಗಿಂದ ಗೌರಿಯ ಉದ್ದ ನಾಲಿಗೆ ಚಾಚಿಕೊಂಡು, ಮೇಷ್ಟ್ರ ಬೋಳುತಲೆಯನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು.

ಅಪ್ಪ ಅತಿಥಿಗಳ ಕಡೆ ನೋಡಲೂ ಇಲ್ಲ. ಚಪ್ಪರಕ್ಕೆ ಓಡಿ ಹಸುವಿನ ಬಾಯಿ ತೊಳೆದರು. “ಸುಣ್ಣ ತಿನ್ಸಿಬುಟ್ಟೆಯಲ್ಲೋ ನನ್ನ ಮಗ್ಳಿಗೆ,” ಎಂದು ನನ್ನನ್ನು ಬೈದು, ಹಗ್ಗ ಬಿಚ್ಚಿಕೊಂಡು ಬಾಗಿಲಿಗೆ ಬಂದರು. “ಇನ್ನು ಅವ್ರು ನಿಲ್ಲಕಿಲ್ಲ. ದಾರಿ ಬುಡ್ಲಾ, ಗೌರೀನ ಒಳೀಕೆ ಕಟ್ತೀನಿ.”

ನಾನು ದಾರಿ ಬಿಟ್ಟೆ. ಸಾವಿತ್ರಿ ಬಿಡಲಿಲ್ಲ.

“ಯಾರೂ ಎದ್ದೋಯ್ತಾ ಇಲ್ಲ ಮಾವ. ಕೋಣೆ ಬದಲಾಯಿಸ್ತಾವ್ರೆ, ಅಷ್ಟೆ,” ಎಂದವಳೇ ಅತಿಥಿಗಳ ಸೂಟ್‌ಕೇಸು ಎತ್ತಿಕೊಂಡು ಹೋಗಿ ನಮ್ಮಿಬ್ಬರ ಮಲಗುವ ಕೋಣೆಯಲ್ಲಿ ಇಟ್ಟಳು.

ಅವರು ಎರಡು ದಿನವೂ ನಿಂತರು. ಮೇಷ್ಟ್ರ ಪತ್ನಿ ಗೌರಿಗೆ ಬಾಳೆಹಣ್ಣು ತಿನ್ನಿಸಿ ಹೋದರು. ಅಪ್ಪ ಮಾತಿಗೆ ತಪ್ಪಲಿಲ್ಲ, ಕೋಣೆ ನನ್ನದಾಯಿತು. ಅಷ್ಟೂ ದಿನ ಅದರಲ್ಲಿ, ಕಿಂಡಿಯ ಕೆಳಗೆ, ಮಲಗಿದ್ದೂ ನಾನೇ.

ಮುಂದಿನ ಬೇಸಿಗೆಯಲ್ಲಿ ಅಪ್ಪನೇ ನಿಂತು ಗೋಡೆಗೆ ಮತ್ತೆ ಗಾರೆ ಮಾಡಿಸಿದರು. ಬೆಲ್ಲ ಅಳೆದು ಹಾಕಿದ್ದು ಸಾವಿತ್ರಿ. ನನಗೂ ಒಂದು ಕೆಲಸ ಕೊಟ್ಟರು. ಗೋಡೆ ಒಣಗುವವರೆಗೆ ಗೌರಿಯ ಹಗ್ಗ ಹಿಡಿದುಕೊಂಡು ನಿಂತಿದ್ದೆ.