ಉಪ್ಪು ಹಾಕದ ಕಾರು

ಇಡ್ಲಿ ತಟ್ಟೆಗೆ ಎರಡನೇ ಸೌಟು ಹಿಟ್ಟು ಹಾಕುತ್ತಿದ್ದೆ. ಅಷ್ಟರಲ್ಲಿ ನಮ್ಮತ್ತೆ ಚೂಡಾಮಣಿಯವರು ಬಂದು ಪಾತ್ರೆಯನ್ನೇ ಎತ್ತಿಕೊಂಡು ಹೊರಟರು.

"ಅತ್ತೆ! ಇಬ್ಬನಿಗೆ ತಿಂಡಿ ಆಗಬೇಕು!"

"ತಿಂಡಿ ಕಾಯುತ್ತೆ ಕಣೇ ನಳಿನಿ, ಕಾರು ಕಾಯಲ್ಲ. ಬಾ ಹೊರಗೆ!"

ಅತ್ತೆ ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಬಿಚ್ಚದೇ ಉಳಿದಿರುವುದು ದೇವರ ಪಟಗಳು ಮಾತ್ರ. ಈ ಸಲ ಅವರ ಕೈಗೆ ಸಿಕ್ಕಿದ್ದು ಕಾರಿನ ಸಸ್ಪೆನ್ಷನ್.

ಕಾರಣ ನನ್ನ ಮಗಳು. ಇಬ್ಬನಿಗೆ ಹತ್ತು ವರ್ಷ, ಹುಟ್ಟಿನಿಂದ ಕಾಲಿಗೆ ಬಲವಿಲ್ಲ. ಗಾಲಿಕುರ್ಚಿಯಿಂದ ಎತ್ತಿ ಕಾರಿಗೆ ಹತ್ತಿಸುವಾಗ, ಹಿರಿಯೂರಿನ ಹಂಪುಗಳ ಮೇಲೆ ಕಾರು ಎಗರುವಾಗ ತುಟಿ ಕಚ್ಚಿಕೊಳ್ಳುತ್ತಾಳೆಯೇ ಹೊರತು ಅಯ್ಯೋ ಅನ್ನುವುದಿಲ್ಲ. ಬೇಕಾದಾಗ ತಗ್ಗುವ, ಬೇಕಾದಾಗ ಏಳುವ ಸಸ್ಪೆನ್ಷನ್ ಹಾಕಿಸೋಣವೆಂದು ಗ್ಯಾರೇಜಿಗೆ ಹೋಗಿದ್ದೆವು. ಮೆಕ್ಯಾನಿಕ್ ಮೂರು ಬಗೆ ತೋರಿಸಿದ. ಅತ್ತೆ ಒಂದೊಂದನ್ನೂ ಸಂತೆಯ ಬದನೆಕಾಯಿಯಂತೆ ಹಿಚುಕಿ ನೋಡಿದರು.

"ಮೊದಲನೇದಕ್ಕೆ ಪ್ರತಿ ಸಲ ಕಾರಡಿ ಮಲಗಿ ಸ್ಪ್ಯಾನರ್ ತಿರುಗಿಸಬೇಕು. ಎರಡನೇದು ಮೆತ್ತಗಾಗುತ್ತೆ, ತಗ್ಗಲ್ಲ. ಈ ಗಾಳಿಚೀಲ ಪರವಾಗಿಲ್ಲ. ಆದರೆ ಗಾಳಿಗೆ ಕಂಪ್ರೆಸರ್ ಬೇಕಂತೆ! ನಮ್ಮನೆ ಇಡ್ಲಿ ಹಿಟ್ಟು ರಾತ್ರಿ ಮುಚ್ಚಳದ ಮೇಲಿಟ್ಟ ಗುಂಡುಕಲ್ಲನ್ನೇ ಎತ್ತಿ ಬಿಸಾಕುತ್ತೆ. ಅದಕ್ಕೆ ಯಾವ ಕಂಪ್ರೆಸರ್ ಇಟ್ಟಿದ್ದೀವಯ್ಯ?"

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ.

ಹೀಗೆ ಹುಟ್ಟಿತು ಅತ್ತೆಯ 'ಹುದುಗು ಸಸ್ಪೆನ್ಷನ್'. ನಾಲ್ಕು ಚಕ್ರದ ಮೇಲೂ ಹಾರ್ಮೋನಿಯಂ ತಿದಿಯಂಥ ಮಡಿಕೆ ರಬ್ಬರ್ ಚೀಲ. ಒಳಗೆ ಇಡ್ಲಿ ಹಿಟ್ಟು, ಅದಕ್ಕೆ ಅತ್ತೆ ಮೂರು ತಿಂಗಳು ಅಟ್ಟದಲ್ಲಿ ಸಾಕಿದ, ಮಾಮೂಲಿಗಿಂತ ಸಾವಿರ ಪಟ್ಟು ಚುರುಕಾದ ಹೆಪ್ಪು! ಗುಂಡಿ ಬಲಕ್ಕೆ ತಿರುಗಿಸಿದರೆ ಹಿಟ್ಟು ಬಿಸಿಯಾಗಿ ಉಬ್ಬಿ ಕಾರು ಏಳುತ್ತದೆ. ಎಡಕ್ಕೆ ತಿರುಗಿಸಿದರೆ ಬಿರಡೆ ತೆರೆದು, ಗಾಳಿ ಹೋಗಿ, ಇಳಿಯುತ್ತದೆ.

ನನ್ನ ಪಾತ್ರೆಯನ್ನು ಚೀಲಗಳಿಗೆ ಬರಿದು ಮಾಡಿ ಅತ್ತೆ ಗುಂಡಿಯನ್ನು ಬಲಕ್ಕೆ ತಿರುಗಿಸಿ ಕಾರನ್ನು ಎಬ್ಬಿಸಿದರು, ಆಮೇಲೆ ಎಡಕ್ಕೆ ತಿರುಗಿಸಿದರು. ಕಾರು ಬುಸ್ಸೆಂದು ಒಂಟೆಯಂತೆ ಮಂಡಿಯೂರಿತು! ಇಬ್ಬನಿ ಕುರ್ಚಿಯಿಂದ ಸೀಟಿಗೆ ತಾನೇ ಸರಿದು ಕೂತಳು.

"ಅಮ್ಮ, ಮುಟ್ಟಬೇಡ! ನಾನೇ!"

ಹಿಟ್ಟು ಹೋದರೆ ಹೋಗಲಿ ಅನ್ನಿಸಿತು.

ಅವತ್ತು ಶಾಲೆ ಶುರುವಾಗುವ ದಿನ. ಹೆಡ್‌ಮಾಸ್ಟರ್ ಶಾಂತವೀರಪ್ಪನವರು ವಾರದ ಹಿಂದೆಯೇ ಚೀಟಿ ಕಳಿಸಿದ್ದರು: ಐದನೇ ತರಗತಿ ಮಹಡಿಯ ಮೇಲಿದೆ, ಹುಡುಗಿಯನ್ನು ಮನೆಯಲ್ಲೇ ಓದಿಸುವುದು ಉತ್ತಮ. ಇಬ್ಬನಿ ಅದನ್ನು ಓದಿ, "ಮನೇಲೇ ಇರ್ತೀನಿ ಬಿಡಮ್ಮ" ಅಂದು ಗೋಡೆ ಕಡೆ ತಿರುಗಿ ಮಲಗಿದ್ದಳು. ಅವಳನ್ನು ಆ ತರಗತಿಯಲ್ಲಿ ಕೂರಿಸದೆ ವಾಪಸು ಬರುವುದಿಲ್ಲವೆಂದು ನಾನು ಸೆರಗು ಸಿಕ್ಕಿಸಿಕೊಂಡೇ ಹೊರಟಿದ್ದೆ.

ನಾನು ಕಾರು ಓಡಿಸಿದೆ, ಅತ್ತೆ ಪಕ್ಕದಲ್ಲಿ ಗುಂಡಿ ಹಿಡಿದು ಕೂತರು. ಹಂಪುಗಳು ಹತ್ತಿಯಂತೆ ಕಳೆದವು. ಹುಳಿ ವಾಸನೆಗೆ ಎರಡು ಹಸು ಬೆನ್ನು ಹತ್ತಿದವು. ಸರ್ಕಲ್ಲಿನ ಟ್ರಾಫಿಕ್ ಪೊಲೀಸ್ ಮೂಗರಳಿಸಿ, "ಮೇಡಂ, ಚಟ್ನಿನೂ ಇದೆಯಾ?" ಎಂದ.

ಶಾಲೆಯ ಕಟ್ಟಡಕ್ಕೆ ತಾಗಿಸಿಯೇ ಕಾರು ನಿಲ್ಲಿಸಿದೆ. ಬೆಳಗ್ಗೆಯೇ ನೆತ್ತಿ ಸುಡುವ ಬಿಸಿಲು. ಹೆಡ್‌ಮಾಸ್ಟರ್ ಬಂದು ಕಿಟಕಿಗೆ ಬಗ್ಗಿದರು.

"ಚೀಟಿ ತಲುಪಲಿಲ್ವಾ ತಾಯಿ?"

"ತಲುಪಿತು ಸಾರ್. ನಾನೇ ಬೆನ್ನ ಮೇಲೆ ಹೊತ್ತು ಹತ್ತಿಸ್ತೀನಿ."

"ಬಿದ್ದರೆ ಹೊಣೆ ಯಾರು?" ಎಂದರು. ಈಗ ಅವರು ಬಗ್ಗಿರಲಿಲ್ಲ, ನೆಟ್ಟಗೆ ನಿಂತಿದ್ದರು.

"ನಾನೇ."

"ಆಗಲ್ಲ ಅಂದ್ರೆ ಆಗಲ್ಲ!" ಎಂದಾಗ ತಲೆಯೆತ್ತಿದ್ದರು. "ಏನ್ರೀ ಇದು, ಮೇಲೆ ಹೋಗ್ತಾ ಇದೆ?"

"ಅತ್ತೆ, ಇಳಿಸಿ!"

"ಎಡಕ್ಕೇ ತಿರುಗಿಸಿದ್ದೀನಿ! ಬಿರಡೇಲಿ ಹಿಟ್ಟು ಒಣಗಿ ಕಚ್ಚಿಕೊಂಡಿದೆ. ಆದರೂ ಇಷ್ಟು ಉಬ್ಬಬಾರದಲ್ಲ? ನೀನು ಉಪ್ಪು ಹಾಕಿದ್ದೆ ತಾನೇ?"

"ನಾನಾ? ರುಬ್ಬಿದವರು ನೀವು! ನೀವು ಹಾಕಿರ್ತೀರ ಅಂತ ಸುಮ್ಮನಿದ್ದೆ!"

"ನೀನು ಹಾಕ್ತೀಯ ಅಂತ ನಾನು ಸುಮ್ಮನಿದ್ದೆ!"

ಹಿರಿಯೂರಿನ ಬಿಸಿಲಿಗೆ ಉಪ್ಪಿಲ್ಲದ ಹಿಟ್ಟು ಹೇಗೆ ಉಕ್ಕುತ್ತದೆಂದು ಇಲ್ಲಿನ ಯಾವ ಹೆಂಗಸನ್ನಾದರೂ ಕೇಳಿ. ಕಾರು ನಾಲ್ಕು ಬಿಳಿ ಕಂಬಗಳ ಮೇಲೆ ಗುಳುಗುಳು ಎನ್ನುತ್ತ ಏಳುತ್ತಲೇ ಹೋಯಿತು! ಕೆಳಗಿನ ಕೋಣೆಯ ಕಿಟಕಿಗೆ ಅರ್ಧದವರೆಗೆ ಬಣ್ಣ ಬಳಿದಿದ್ದರು. ಬಣ್ಣ ದಾಟಿದ ಮೇಲೆ ಒಳಗೆ ಕಂಡಿತು: ಮುರಿದ ಬೆಂಚುಗಳು, ಒಂದರ ಮೇಲೊಂದು, ಸೂರಿನ ತನಕ. ಇಬ್ಬನಿ ಗಾಜಿಗೆ ಮೂಗು ಒತ್ತಿ ನೋಡುತ್ತಲೇ ಇದ್ದಳು.

"ಇಳಿಸ್ರೀ! ಇಳಿಸ್ರೀ!" ಹೆಡ್‌ಮಾಸ್ಟರ್ ಕೆಳಗೆ ಕುಣಿಯುತ್ತಿದ್ದರು.

ಅತ್ತೆ ಸೀಟಿನಡಿಯಿಂದ ಗೋಣಿ ಹೊಲಿಯುವ ದಬ್ಬಳ ತೆಗೆದರು. "ಚೀಲಕ್ಕೆ ಚುಚ್ಚಿಬಿಡಲಾ?"

ನಾನು ಮೇಲೆ ನೋಡಿದೆ. ಮಹಡಿಯ ಜಗಲಿ ಹತ್ತಿರದಲ್ಲೇ ಇತ್ತು.

"ಬೇಡ ಅತ್ತೆ! ಇನ್ನು ನಾಲ್ಕೇ ಅಡಿ."

ಅತ್ತೆ ನನ್ನನ್ನೇ ನೋಡಿದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಹದಿಮೂರು ವರ್ಷದಲ್ಲಿ ಮೊದಲ ಸಲ ನಾನು ಹೇಳಿದ ಮಾತಿಗೆ ಎದುರಾಡಲಿಲ್ಲ.

ಕಾರು ಜಗಲಿಗೆ ಬಂದು ಒರಗಿತು. ಐದನೇ ತರಗತಿಯೆಲ್ಲ ಹೋ ಎಂದು ಹೊರಗೆ ಓಡಿಬಂತು. ನಾನು ಬಾಗಿಲು ತೆಗೆದು, ಮಗಳನ್ನು ಎದೆಗವಚಿ, ಕಟ್ಟೆ ದಾಟಿ, ಮೊದಲ ಬೆಂಚಿನಲ್ಲಿ ಕೂರಿಸಿದೆ. ಆಮೇಲೆ ಹೊರಗೆ ಬಗ್ಗಿ ಕೂಗಿದೆ:

"ಈಗ ಚುಚ್ಚಿ ಅತ್ತೆ!"

ಕಾರು ಅತ್ತೆಯ ಸಮೇತ ಗಾಂಭೀರ್ಯದಿಂದ ಕೆಳಗಿಳಿಯಿತು. ನಾಲ್ಕು ಚೀಲದ ಹಿಟ್ಟೂ ಕಾದ ಅಂಗಳದ ಮೇಲೆ ಹರಡಿ, ಚುಯ್ಯೆಂದು, ಜಿಲ್ಲೆಯಲ್ಲೇ ದೊಡ್ಡ ದೋಸೆಯಾಯಿತು! ಬೆನ್ನು ಹತ್ತಿ ಬಂದಿದ್ದ ಹಸುಗಳು ಅಂಚಿನಿಂದ ಶುರು ಮಾಡಿದವು.

ಹೆಡ್‌ಮಾಸ್ಟರ್ ಮೆಟ್ಟಿಲು ಹತ್ತಿ ಬಂದರು. ತಲೆಯಿಂದ ಪಾದದವರೆಗೆ ಹಿಟ್ಟು. ಏದುಸಿರು ಬಿಡುತ್ತ ಬಾಗಿಲು ಹಿಡಿದು ನಿಂತರು.

ಅಷ್ಟರಲ್ಲಿ ಇಬ್ಬನಿ ಕೈಯೆತ್ತಿದಳು. ನಾಲ್ಕು ವರ್ಷದಲ್ಲಿ ಆ ಶಾಲೆಯಲ್ಲಿ ಒಮ್ಮೆಯೂ ಎತ್ತದ ಕೈ.

"ಸಾರ್, ಆ ಕೆಳಗಿನ ರೂಮಲ್ಲಿರೋ ಬೆಂಚುಗಳಿಗೂ ಮೆಟ್ಟಿಲು ಹತ್ತಕ್ಕೆ ಆಗಲ್ವಾ?"