ಹಾಲಿನ ಗಾಡಿಯಲ್ಲಿ ಕಾಡಿಗೆ

ಭೂಗೋಳ ಕಲಿಸುವವನು ಭೂಮಿಯನ್ನು ನೋಡಿರಲೇಬೇಕೆಂಬ ನಿಯಮ ನಮ್ಮ ಇಲಾಖೆಯಲ್ಲಿ ಇಲ್ಲ. ಇದ್ದಿದ್ದರೆ ನಾನು ಎಂದೋ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿರುತ್ತಿದ್ದೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಸಹಾರಾ ಮರುಭೂಮಿಯನ್ನೂ ಅಮೆಜಾನ್ ಕಾಡನ್ನೂ ಗೋಡೆಯ ನಕಾಶೆಯ ಮೇಲೆ ಬೆತ್ತದ ತುದಿಯಿಂದ ಸುತ್ತಿದವನು ನಾನು. ಕಾಲಿನಿಂದ ಸುತ್ತಿದ್ದು ಮಾತ್ರ ಆ ಕಡೆ ಕೊಲ್ಹಾಪುರ, ಈ ಕಡೆ ಬೆಳಗಾವಿ, ಮಧ್ಯೆ ಮದುವೆ ಮುಂಜಿಗೆಂದು ಅಥಣಿ, ರಾಯಬಾಗ. ಅಷ್ಟರಲ್ಲೇ ಸುಖವಾಗಿದ್ದೆ. ಆದರೆ ಆ ವರ್ಷ ಎಂಟನೇ ಇಯತ್ತೆಗೆ ರಾಷ್ಟ್ರೀಯ ಉದ್ಯಾನಗಳ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಕಾಡಕೋಣ ನೀವು ನೋಡೀರೇನ್ರಿ?" ಎಂದು ಕೇಳಿದಳು. ನನ್ನ ಬಾಯಿಂದ ಅದು ಹೇಗೆ ಬಂತೋ ತಿಳಿಯದು, "ನೋಡೀನಲ್ಲ! ಹತ್ತು ಮಾರು ದೂರದಾಗ ನಿಂತಿತ್ತು" ಎಂದುಬಿಟ್ಟೆ. ಇಡೀ ವರ್ಗ ಬಾಯಿ ತೆರೆದು ನನ್ನನ್ನೇ ನೋಡಿತು. ಮೂರನೇ ಬೆಂಚಿನಲ್ಲಿ ಕೂತಿದ್ದ ನನ್ನ ಮಗಳು ಸುಜಾತಾ ಮಾತ್ರ ಬಾಯಿ ಮುಚ್ಚಿಕೊಂಡು ನೋಡಿದಳು.

ಸಂಜೆ ಮನೆಯಲ್ಲಿ ಅವಳು ಮೆಲ್ಲಗೆ ಕೇಳಿದಳು: "ಅಪ್ಪಾ, ನೀ ಯಾವಾಗ ನೋಡೀದಿ?" ನಾನು, "ನೀ ಹುಟ್ಟೂಕಿಂತ ಮೊದಲ" ಎಂದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಪದ್ಮಾ ಬಡಿಯುವುದನ್ನು ನಿಲ್ಲಿಸದೆಯೇ, "ನಾ ಈ ಮನಿಗಿ ಬಂದಾಗಿಂದ ಇವರು ಕೊಲ್ಹಾಪುರ ದಾಟಿಲ್ಲವಾ" ಎಂದಳು. ಮಗಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಗದರಿಸಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ಸುಮ್ಮನೆ ಪುಸ್ತಕ ತೆರೆದು ಕೂತದ್ದೇ ನನ್ನನ್ನು ಚುಚ್ಚಿತು. ಅಪ್ಪ ಸುಳ್ಳ ಎಂದು ತಿಳಿದೂ ಅಪ್ಪನ ಮಾನ ಕಾಯುವ ಮಗಳ ಎದುರು ಊಟ ಮಾಡುವುದು ಬಹಳ ಕಷ್ಟ. ಅಂದೇ ತೀರ್ಮಾನಿಸಿದೆ: ದೀಪಾವಳಿ ರಜೆಯಲ್ಲಿ ಕುಟುಂಬಸಮೇತ ಕಾಡಿಗೆ ಹೋಗಬೇಕು, ಕೋಣವನ್ನು ನೋಡಬೇಕು, ಹೇಳಿದ ಸುಳ್ಳನ್ನು ತಡವಾಗಿಯಾದರೂ ನಿಜ ಮಾಡಬೇಕು.

ಕಾಡಿಗೆ ಹೋಗುವ ಯೋಜನೆ ಹಾಕುವುದು ನನಗೆ ಹೊಸದಲ್ಲ. ಮದುವೆಯಾದಾಗಿನಿಂದ ಪ್ರತಿ ರಜೆಗೂ ಒಂದೊಂದು ನೋಟುಬುಕ್ಕು ತುಂಬಿಸಿದ್ದೇನೆ. ಬಂಡೀಪುರಕ್ಕೆ ಯಾವ ರೈಲು, ನಾಗರಹೊಳೆಗೆ ಎಷ್ಟು ಚಾಪೆ, ಎಲ್ಲವೂ ಅದರಲ್ಲಿವೆ. ಎಲ್ಲ ಯೋಜನೆಗಳೂ ಮುಗ್ಗರಿಸುತ್ತಿದ್ದದ್ದು ನಮ್ಮ ಅವ್ವನ ನಿಯಮದ ಮುಂದೆ. ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು ಎನ್ನುವುದು ಮನೆಗೆಲ್ಲ ಇದ್ದ ನಿಯಮ. ಅವ್ವನದು ಇನ್ನೂ ಒಂದು ಮೆಟ್ಟಿಲು ಮೇಲೆ. ಬೆಳಿಗ್ಗೆ ಬಸದಿಗೆ ಹೋಗಿ ದರ್ಶನ ಮಾಡದೆ ಅವಳು ಹನಿ ನೀರೂ ಮುಟ್ಟುವುದಿಲ್ಲ. ನಾನು ನಕಾಶೆಯಲ್ಲಿ ಕಾಡುಗಳಿಗೆ ಹಸಿರು ಬಣ್ಣ, ಬಸದಿಗಳಿಗೆ ಕೆಂಪು ಚುಕ್ಕೆ ಹಾಕಿಕೊಂಡು ಕೂತಿರುತ್ತಿದ್ದೆ. ಚುಕ್ಕೆಗಳಿದ್ದಲ್ಲಿ ಕಬ್ಬು, ತಂಬಾಕು. ಹಸಿರಿದ್ದಲ್ಲಿ ಒಂದೂ ಚುಕ್ಕೆ ಇಲ್ಲ. ಒಮ್ಮೆ, "ಸಣ್ಣದೊಂದ ಮೂರ್ತಿ ನಮ್ಮ ಜೋಡಿ ಒಯ್ಯೂಣೇನವ್ವಾ?" ಎಂದು ಕೇಳಿ ನೋಡಿದೆ. "ದೇವರನ್ನ ಡಬ್ಬ್ಯಾಗ ಹಾಕ್ಕೊಂಡ ಅಡವ್ಯಾಗ ತಿರಗತೀಯೇನೋ?" ಎಂದು ಅವಳು ಕೇಳಿದ ಮೇಲೆ ಆ ನೋಟುಬುಕ್ಕನ್ನೂ ಮುಚ್ಚಿದೆ.

ಈ ಸಲ ಅವ್ವನೇ ದಾರಿ ತೋರಿಸಿದಳು. ಕಾಡುಕೋಣಕ್ಕೇ ಹೆಸರಾದ, ಗಡಿಯಾಚೆ ಮಹಾರಾಷ್ಟ್ರದ ರಾಧಾನಗರಿಯ ಕಾಡು ನಿಪ್ಪಾಣಿಯ ಮೇಲೆ ಹಾದು ಅರ್ಧ ದಿನದ ದಾರಿ. ಬೆಳಿಗ್ಗೆ ದರ್ಶನ ಮಾಡಿ ಹೊರಟು, ಅಲ್ಲಿ ಒಂದು ರಾತ್ರಿ ಇದ್ದು, ಮರುದಿನ ಮಧ್ಯಾಹ್ನದೊಳಗೆ ನಿಪ್ಪಾಣಿಯ ಬಸದಿಗೆ ಬಂದರಾಯಿತು. "ಒಂದ ಹೊತ್ತ ತಡಿಯಾಕ ನನಗೇನ ಧಾಡಿ? ಹುಡುಗಿ ಕಾಡ ನೋಡ್ಲಿ" ಎಂದಳು. ಮಲಗುವ ವ್ಯವಸ್ಥೆಯನ್ನು ಪದ್ಮಾಳ ತಮ್ಮ, ಸದಲಗೆಯ ಭೂಪಾಲ ವಹಿಸಿಕೊಂಡ. ಅವನಿಗೆ ಒಂದು ಜೀಪು, ಅದರ ಹಿಂದೆ ಹಾಲಿನ ಕ್ಯಾನು ಸಾಗಿಸುವ ಟ್ರೇಲರು. ಕೊಲ್ಹಾಪುರದ ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಯೊಂದನ್ನು ತಂದು ತೋರಿಸಿದ. ಅದರಲ್ಲಿ ಅಮೆರಿಕದ ಒಂದು ಸಂಸಾರ ಕಾರಿನ ಹಿಂದೆ ಪೆಟ್ಟಿಗೆಯಂಥದ್ದನ್ನು ಕಟ್ಟಿಕೊಂಡು ಕಾಡಿಗೆ ಹೋಗಿತ್ತು. ಪೆಟ್ಟಿಗೆಯ ಮುಚ್ಚಳ ಮೇಲೆದ್ದು, ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಎರಡೂ ಬದಿಗೆ ಹಾಸಿಗೆ ಹೊರಗೆ ಚಾಚಿಕೊಂಡು ಮನೆಯಾಗಿತ್ತು. "ದಾಜೀ, ಇದರಾಗ ಏನ ಐತ್ರಿ? ಪೈಪು, ತಾಡಪತ್ರಿ, ಒಂದ ಜಾಕ್. ಹದಿನೈದ ದಿನದಾಗ ನಿಲ್ಲಸ್ತೇನಿ" ಎಂದ. ಅಕ್ಕನ ಗಂಡನೆಂದು ಅವನು ನನ್ನನ್ನು ದಾಜಿ ಎಂದೇ ಕರೆಯುವುದು.

ಹದಿನೈದು ದಿನ ಮೂರು ತಿಂಗಳಾಯಿತು. ಆದರೂ ನಿಲ್ಲಿಸಿದ. ಜೀಪಿನ ಜಾಕ್ ತಿರುಗಿಸಿದರೆ ತಗಡಿನ ಮುಚ್ಚಳ ನರಳುತ್ತಾ ಮೇಲೇಳುತ್ತಿತ್ತು. ಒಳಗೆ ಮಜ್ಜಿಗೆಯ ಹುಳಿ ವಾಸನೆ ಮಾತ್ರ ಏನು ತೊಳೆದರೂ ಹೋಗಲಿಲ್ಲ. ತಾಲೀಮಿಗೆಂದು ಸದಲಗೆಯಲ್ಲಿ ಅವನ ಮನೆಯ ಮುಂದೆ ಬಿಚ್ಚಿ ನಿಲ್ಲಿಸಿದ ದಿನ, ಒಂದು ಗಂಟೆಯೊಳಗೆ ಮುಂದೆ ಹನ್ನೆರಡು ಮಂದಿ ಮುದುಕರು ಸಾಲು ಹಚ್ಚಿ ಕೂತರು. ಯಾರೋ ಕಣ್ಣಿನ ತಪಾಸಣೆಯ ಗಾಡಿ ಬಂದಿದೆ ಎಂದು ಸುದ್ದಿ ಹಬ್ಬಿಸಿದ್ದರು. ಎಷ್ಟು ಹೇಳಿದರೂ ಒಬ್ಬ ಅಜ್ಜ ಏಳಲೊಲ್ಲ. ಕೊನೆಗೆ ನಾನೇ ಅವನ ಕಣ್ಣ ರೆಪ್ಪೆ ಬಿಡಿಸಿ ನೋಡಿ, "ಚಲೋ ಅದಾವಜ್ಜಾ" ಎಂದು ಕಳಿಸಿದೆ. ಒಂದು ಸುಳ್ಳು ಮುಚ್ಚಲು ಹೊರಟವನು ಇನ್ನೊಂದನ್ನು ಹೇಳಿದ್ದೆ.

ಹಿಂದಿನ ದಿನವೇ ಭೂಪಾಲನ ಮನೆಗೆ ಬಂದಿದ್ದೆವು. ಹೊರಟ ದಿನ ಬೆಳಿಗ್ಗೆ ಸದಲಗೆಯ ಬಸದಿಯಲ್ಲಿ ದರ್ಶನ ಮುಗಿಸಿ ಎಂಟಕ್ಕೆ ಜೀಪು ಹತ್ತಿದೆವು. ನನ್ನ ನೋಟುಬುಕ್ಕಿನ ಪ್ರಕಾರ ಒಂದು ಗಂಟೆಗೆ ಕಾಡು. ಆದರೆ ಭೋಜದಲ್ಲಿ ಭೂಪಾಲನ ಅತ್ತೆಯ ಮನೆ ಇದೆ ಎಂಬುದನ್ನು ನೋಟುಬುಕ್ಕಿನಲ್ಲಿ ಬರೆದಿರಲಿಲ್ಲ. ಅಳಿಯನ ಜೀಪು ಮನೆ ಮುಂದೆ ಹಾದುಹೋದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಅವಲಕ್ಕಿ, ಚಹಾ, ಆಮೇಲೆ ಕೂಡಿಸಿ ಊಟ. ಅಂದು ಅಷ್ಟಮಿ, ಅವ್ವನದು ಒಪ್ಪತ್ತು. ಅವಳ ದಿನದ ಒಂದೇ ಊಟ ಅಲ್ಲೇ ಆಯಿತು. ನಿಪ್ಪಾಣಿಯಲ್ಲಿ ನನ್ನ ಅತ್ತಿಗೆಯ ತವರು. ಅಲ್ಲಿ ಬರಿಯ ಚಹಾ ಎಂದು ಒಳಗೆ ಹೋದವರು ಹೊರಬಂದಾಗ ಎರಡು ಗಂಟೆ. ಕಾಡಿನ ಬಾಗಿಲಿಗೆ ಮುಟ್ಟಿದಾಗ ನಾಲ್ಕೂವರೆ. ಅರಣ್ಯ ಇಲಾಖೆಯ ಕಾವಲುಗಾರ ನಮ್ಮ ಗಾಡಿಯ ಸುತ್ತ ಎರಡು ಸುತ್ತು ಬಂದು, ಬಾಗಿಲ ಹೊರಗಿನ ಬಯಲಿನಲ್ಲಿ ಬಿಡಾರ ಹೂಡಲು ಒಪ್ಪಿದ.

ಜಾಕ್ ತಿರುಗಿಸಿ, ಗೋಡೆ ಬಿಚ್ಚಿ, ಹಾಸಿಗೆ ಚಾಚುವಷ್ಟರಲ್ಲಿ ಐದೂಕಾಲು. ಆರಕ್ಕೆ ಸೂರ್ಯ ಮುಳುಗುತ್ತಾನೆ. ಪದ್ಮಾ ಅವಸರದಲ್ಲಿ ಬುತ್ತಿ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿ ಕಾಳಿನ ಪಲ್ಯ, ಮೊಸರು, ಮೂರು ದಿನ ಕೂತು ಮಾಡಿದ ಶೇಂಗಾ ಹೋಳಿಗೆ. ಸಂಜೆಯ ಹುಳಗಳು ಹಾರಾಡತೊಡಗಿದ್ದವು. ಊಟದಲ್ಲಿ ಹುಳ ಬಿದ್ದು ಸತ್ತರೆ ಪಾಪ ಯಾರ ತಲೆಗೆ? ನಾನೇ ಎದ್ದು ನಾಲ್ಕೂ ಕಡೆಯ ಬಟ್ಟೆ ಇಳಿಸಿ ಹುರಿಯಿಂದ ಬಿಗಿಯಾಗಿ ಕಟ್ಟಿದೆ. ಅವ್ವ ಮಾತ್ರ, ಒಪ್ಪತ್ತಿನವಳಾದ್ದರಿಂದ, ಹೊರಗೆ ಚಾಪೆ ಹಾಕಿಕೊಂಡು ಜಪಮಾಲೆ ಹಿಡಿದು ಕೂತಿದ್ದಳು.

ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಹೊರಗಿನಿಂದ ಅವ್ವನ ದನಿ ಕೇಳಿಸಿತು. "ಹೈಕ್! ಹೈಕ್! ಹೋಗ ಅತ್ಲಾಗ! ಚಾಪಿ ತುಳೀತೀಯೇನ?" ಮಗಳು ಏಳಲು ಹೊರಟಳು. "ಕೂಡ್ರ, ಹೊತ್ತ ಮುಳಗತೈತಿ. ಯಾರದೋ ಎಮ್ಮಿ ಬಂದಿರಬೇಕ" ಎಂದು ನಾನೇ ಅವಳನ್ನು ಕೂರಿಸಿದೆ.

ಕೈ ತೊಳೆದು ಹೊರಬಂದಾಗ ಕಾವಲುಗಾರ ಓಡಿ ಬರುತ್ತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಅವ್ವ ಜಪ ಮುಂದುವರಿಸಿದ್ದಳು. ಏನಾಯಿತೆಂದು ಕೇಳಿದರೆ ನಿರಾಳವಾಗಿ ಹೇಳಿದಳು: "ಏನ ಕೋಣಪಾ ಅದು! ಭುಜ ಅಂದರ ಬಾಗಲದಷ್ಟ. ನಾಕೂ ಕಾಲಿಗಿ ಬಿಳಿ ಕಾಲಚೀಲ ಹಾಕಿಧಂಗ. ಎಣ್ಣಿ ಹಚ್ಚಿ ಮೈ ತಿಕ್ಕಿ ಚೆಂದ ಸಾಕ್ಯಾರ ಖರೆ, ಹಿಂಗ ಬಿಟ್ಟ ಹೋದ್ರ ಹೆಂಗ? ನಾ ಕೈ ಬೀಸಿದೆ, ನನ್ನ ಮಾರಿ ನೋಡಿ ಸಾವಕಾಶ ತಿರುಗಿ ಹೋತು."

ಬೆಳಿಗ್ಗೆ ಮಂಜು. ಕಾವಲುಗಾರ, "ದಹಾ ವಾಜತಾ ಪಾಣ್ಯಾವರ ಯೇತೀಲ" ಎಂದ. ಹತ್ತಕ್ಕೆ ಕೋಣಗಳು ನೀರಿಗೆ ಬರುತ್ತವಂತೆ. ಹತ್ತರವರೆಗೆ ಕಾದರೆ ನಿಪ್ಪಾಣಿಯ ಬಸದಿ ಮುಟ್ಟುವಾಗ ಎರಡಾಗುತ್ತದೆ. ಅವ್ವ ಹಿಂದಿನ ದಿನ ಭೋಜದಲ್ಲಿ ಉಂಡವಳು, ಹೊತ್ತು ಮುಳುಗಿದಾಗಿನಿಂದ ನೀರೂ ಇಲ್ಲ. "ನೀ ನೋಡ್ಕೋಪಾ, ನಾ ತಡೀತೀನಿ" ಎಂದಳು. ಅವಳ ತುಟಿ ಒಣಗಿತ್ತು. ನಾನು ಕಾಡನ್ನೊಮ್ಮೆ, ಅವ್ವನನ್ನೊಮ್ಮೆ ನೋಡುತ್ತಾ ನಿಂತೆ. ಸುಜಾತಾ ಬಂದು ನನ್ನ ಕೈ ಹಿಡಿದಳು. "ಹೋಗೂಣು ಅಪ್ಪಾ. ಆಯಿ ಉಪಾಸ ಅದಾಳ" ಎಂದಳು. ಅಜ್ಜಿಯನ್ನು ಅವಳು ಕರೆಯುವುದು ಆಯಿ ಎಂದೇ. ಕೋಣ ಸಿಗದ ದುಃಖಕ್ಕಿಂತ ಇಂಥ ಮಗಳ ಮುಂದೆ ಸುಳ್ಳು ಹೇಳಿದೆನಲ್ಲ ಎಂಬ ದುಃಖ ದೊಡ್ಡದಾಯಿತು. ನಾನೇ ಜಾಕ್ ಇಳಿಸಿದೆ.

ರಜೆ ಮುಗಿದ ಮೇಲೆ ಮೊದಲ ದಿನವೇ ವರ್ಗದಲ್ಲಿ ಒಪ್ಪಿಕೊಂಡೆ. "ಕಾಡುಕೋಣ ನೋಡಿದ್ದೇನೆ ಎಂದು ಹೇಳಿದ್ದು ಸುಳ್ಳು. ನಾನು ನೋಡಿಲ್ಲ." ಮೂರನೇ ಬೆಂಚಿನಿಂದ ಸುಜಾತಾ ಎದ್ದಳು. "ಸರ್, ನಮ್ಮ ಆಯಿ ನೋಡ್ಯಾಳ್ರಿ. ಕರಕೊಂಡ ಬರಲೇನ್ರಿ?" ಎಂದಳು. ಹೀಗೆ ಒಂದಕ್ಷರ ಓದದ ನಮ್ಮ ಅವ್ವ ಮರುದಿನ ಸೆರಗು ಹೊದ್ದು ಬಂದು, ನನ್ನ ಕುರ್ಚಿಯಲ್ಲಿ ಕೂತು, ಕೈಯಾಡಿಸಿ ಕೋಣವನ್ನು ವರ್ಣಿಸಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಅವಳು ಏನನ್ನೂ ಬಿಡಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ "ಕಾಡುಕೋಣದ ಲಕ್ಷಣಗಳನ್ನು ಬರೆಯಿರಿ" ಎಂದು ಒಂದು ಪ್ರಶ್ನೆ ಹಾಕಿದ್ದೆ. ಇಡೀ ವರ್ಗ ಒಂದೇ ಉತ್ತರ ಬರೆದಿತ್ತು: "ಕಾಡುಕೋಣದ ಭುಜ ಬಾಗಿಲಿನಷ್ಟು ದೊಡ್ಡದು. ಕಾಲುಗಳಿಗೆ ಬಿಳಿ ಕಾಲುಚೀಲವಿರುತ್ತದೆ. ಅದು ಮುದುಕಿಯರ ಮಾತು ಕೇಳುತ್ತದೆ. ಅದು ಬರುವ ಹೊತ್ತಿನಲ್ಲಿ ಸರ್ ಒಳಗೆ ಹೋಳಿಗೆ ತಿನ್ನುತ್ತಿರುತ್ತಾರೆ." ಕೆಂಪು ಪೆನ್ನು ಹಿಡಿದು ಸಾಲು ಸಾಲಾಗಿ ಓದಿದೆ. ತಪ್ಪೆಂದು ಹೊಡೆದುಹಾಕಲು ಒಂದು ಸಾಲೂ ಸಿಗಲಿಲ್ಲ. ಎಲ್ಲರಿಗೂ ಪೂರ್ಣ ಅಂಕ ಹಾಕಿದೆ.